ಪಟಿಕದ ನೀರು

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಚೀಲ ಹೊತ್ತವನು ನಾನು. ಹೆಸರು ಅಬ್ದುಲಸಾಬ. ಕೊನೆಯ ಹನ್ನೊಂದು ವರ್ಷ ಹಮಾಲರ ಗುಂಪಿಗೆ ನಾನೇ ಮೇಸ್ತ್ರಿ. ಮೊಣಕಾಲು ಮಾತು ಕೇಳದಂತಾದ ಮೇಲೆ ಕೆಲಸ ಬಿಟ್ಟೆ. ಕೈಗಳು ಮಾತ್ರ ಇನ್ನೂ ಹಮಾಲನವೇ. ಬೀಡಿ ಹಚ್ಚಲು ಒಲೆಯ ಕೆಂಡವನ್ನು ಅಂಗೈಯಲ್ಲೇ ಎತ್ತಿಕೊಂಡು ಬರುತ್ತಿದ್ದೆ. ಬಿಸಿ ಗೊತ್ತಾಗುವ ಹೊತ್ತಿಗೆ ಬೀಡಿ ಹತ್ತಿರುತ್ತಿತ್ತು. ಮೊಮ್ಮಗಳು ಹಸೀಬಾ ಚಿಕ್ಕವಳಿದ್ದಾಗ ಓಣಿಯ ಮಕ್ಕಳನ್ನೆಲ್ಲ ಕರೆತಂದು, "ನಮ್ಮ ದಾದಾ ಬೆಂಕಿ ಹಿಡಿತಾನ, ನೋಡ್ರಿ" ಎಂದು ತೋರಿಸುತ್ತಿದ್ದಳು.

ಆ ಕೈಗಳ ಬಗ್ಗೆ ನನಗೆ ಜಂಬವಿತ್ತು. ಇದ್ದರೆ ತಪ್ಪೇನಿಲ್ಲ. ಅದನ್ನು ಒಂದು ಮಗುವಿನ ಕೈಗೆ ಅಂಟಿಸಲು ಹೋದದ್ದು ತಪ್ಪು.

ಹಸೀಬಾ ನನ್ನ ಮಗ ಶಾಹೀದನ ಮಗಳು. ಶಾಹೀದ ಲಾರಿ ಓಡಿಸುತ್ತಾನೆ, ವಾರಕ್ಕೆ ನಾಲ್ಕು ದಿನ ಊರಲ್ಲಿರುವುದಿಲ್ಲ. ಸೊಸೆ ಗುಲ್ಶನ ಅಂಗನವಾಡಿಗೆ ಹೋಗುತ್ತಾಳೆ. ಹಾಗಾಗಿ ಹುಡುಗಿ ಬೆಳೆದದ್ದು ನನ್ನ ಮತ್ತು ನನ್ನ ಹೆಂಡತಿ ಸೈದಾನಬಿಯ ಕಣ್ಣೆದುರಿಗೆ. ಬೇವಿನ ಕೊಂಬೆ, ಟ್ರ್ಯಾಕ್ಟರಿನ ಹಿಂದಿನ ಸರಳು, ಬಸ್ಸಿನೊಳಗಿನ ಕಂಬಿ, ಸಿಕ್ಕಿದ್ದಕ್ಕೆಲ್ಲ ಜೋತು ಬೀಳುವ ಮಗು. "ಇದು ಹುಡುಗಿ ಅಲ್ಲ, ಬಾವಲಿ" ಎಂದು ಸೈದಾನಬಿ ಬೈಯುತ್ತಿದ್ದಳು.

ಅವಳ ಸರಕಾರಿ ಶಾಲೆಗೆ ಆಟ ಕಲಿಸಲು ಬಂದ ಲಲಿತಾ ಅಕ್ಕೋರು ಮೊದಲ ವಾರದಲ್ಲೇ ಆ ಬಾವಲಿಯನ್ನು ಗುರುತಿಸಿದರು. ಅವರು ತಾವರಗೇರಾದವರು. ಹುಡುಗಿಯಾಗಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿದ್ದು ಜಿಮ್ನಾಸ್ಟಿಕ್ಸ್ ಮಾಡಿದವರು. ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ವರ್ಕ್‌ಶಾಪಿನಲ್ಲಿ ಕಂಬ, ಪೈಪು ಬೆಸುಗೆ ಹಾಕಿಸಿ ತಂದು ಶಾಲೆಯ ಅಂಗಳದಲ್ಲಿ ಜೋತಾಡಿ ಸುತ್ತುವ ಅಡ್ಡ ಬಾರ್ ನಿಲ್ಲಿಸಿದರು. ಬಿದ್ದರೆ ಪೆಟ್ಟಾಗಬಾರದೆಂದು ಕೆಳಗೆ ಹಳೆಯ ಗಾದಿಗಳು, ಗಾದಿಗಳ ಕೆಳಗೆ ನಮ್ಮ ಗಿರಣಿಯ ಭತ್ತದ ಹೊಟ್ಟು. ಹೊಟ್ಟಿನ ಚೀಲಗಳನ್ನು ನಾನೇ ನಿಂತು ಹಾಕಿಸಿದ್ದೆ. ಎರಡು ವರ್ಷ ಹಸೀಬಾ ಆ ಬಾರಿನ ಮೇಲೆಯೇ ಬೆಳೆದಳು. ಅವಳು ಸುತ್ತುವುದನ್ನು ನೋಡುತ್ತಿದ್ದರೆ ಮೈಯಲ್ಲಿ ಎಲುಬೇ ಇಲ್ಲವೇನೋ ಅನಿಸುತ್ತಿತ್ತು.

ಈ ಸಲ ದಸರಾ ರಜೆ ಮುಗಿಯುವ ಹೊತ್ತಿಗೆ ಕೊಪ್ಪಳದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಸೇರುವವರಿಗೆ ಹನ್ನೆರಡು ತುಂಬಿರಬಾರದು. ಹಸೀಬಾಗೆ ಹನ್ನೊಂದೂವರೆ. ಅಂದರೆ ಇದೊಂದೇ ಸಲ.

ಆಯ್ಕೆಗೆ ಹದಿನೈದು ದಿನ ಇರುವಾಗ ಲಲಿತಾ ಅಕ್ಕೋರು ಮನೆಗೆ ಬಂದರು. ಕೈಯಲ್ಲೊಂದು ಸಣ್ಣ ಡಬ್ಬಿ.

"ಅಬ್ದುಲಸಾಬ್ರ, ನನ್ನ ಸಮೀಕ್ಷೆ ಕೆಲಸಕ್ಕ ಹಾಕ್ಯಾರ. ಮನಿಮನಿ ತಿರುಗಬೇಕು. ಬಾರ್ ಮ್ಯಾಲ ಈಕಿಗೆ ನಾ ಇನ್ನ ಹೇಳಿಕೊಡೂದು ಏನೂ ಉಳಿದಿಲ್ಲ. ನನಗ ಚಿಂತಿ ಇರೂದು ಈಕಿ ಕೈದು."

ಹಸೀಬಾಳ ಅಂಗೈಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆರಳುಗಳ ಬುಡದಲ್ಲಿ ಸಾಲಾಗಿ ದಡ್ಡುಗಟ್ಟಿತ್ತು.

"ದಿನಾ ಸಂಜಿಕೆ ಬೆಚ್ಚನ ನೀರಾಗ ಕೈ ನೆನಸಿ, ಈ ಡಬ್ಬ್ಯಾಗಿನ ಕಲ್ಲಿಲೆ ತಿಕ್ಕಬೇಕ್ರಿ. ಪೂರಾ ತೆಗಿಯೂದಲ್ಲ, ಸಪಾಟ ಆದ್ರ ಸಾಕು. ಆಮ್ಯಾಲ ಒಂಚೂರು ಕೊಬ್ಬರಿ ಎಣ್ಣಿ. ನೀರಗುಳ್ಳಿ ಎದ್ದರ ಎರಡು ದಿನ ಬಾರ್ ಮುಟ್ಟೂದ ಬ್ಯಾಡ, ನೆಲದ ಮ್ಯಾಲಿನ ಕಸರತ್ತು ಮಾಡ್ಲಿ."

"ಕೈಗೆ ಚರ್ಮದ ಪಟ್ಟಿ ಹಾಕ್ತಾರಂತಲ್ರಿ?"

"ನನ್ನ ಹಳೀ ಪಟ್ಟಿ ಅದಾವ, ಈಕಿಗೆ ದೊಡ್ಡವಾಗ್ತಾವ. ಸಡಿಲ ಪಟ್ಟಿ ಬಾರಿಗೆ ಸಿಕ್ಕೊಂಡ್ರ ಮಣಿಕಟ್ಟ ಮುರಿತೈತಿ. ಸದ್ಯ ಕೈ ಜಾರದಂಗ ಬಿಳಿ ಪುಡಿ ಹಚ್ಕೊಂಡ್ರ ಸಾಕು. ಕೈ ಮಾತ್ರ ಸಪಾಟ ಇರಬೇಕು. ಅದನ್ನ ನಿಮ್ಮ ಮ್ಯಾಲ ಬಿಟ್ಟೀನ್ರಿ."

"ಆತ್ರಿ ಅಕ್ಕೋರ, ನೀವು ನಿಶ್ಚಿಂತಿಲೆ ಹೋಗ್ರಿ" ಎಂದೆ.

ಮೊದಲ ಸಂಜೆ ಅವರು ಹೇಳಿದಂತೆಯೇ ಮಾಡಿದೆ. ಕಲ್ಲು ಆಡಿಸಿದಂತೆ ಚರ್ಮ ಬಿಳಿ ಪುಡಿಯಾಗಿ ಬಟ್ಟಲಿಗೆ ಉದುರಿತು. ಅದನ್ನು ನೋಡಿ ನನಗೆ ಸಂಕಟವಾಯಿತು. ಎರಡು ವರ್ಷ ತೂಗಾಡಿ, ಅತ್ತು, ಊದಿಕೊಂಡು ಗಳಿಸಿದ ಚರ್ಮ ಅದು. ನಮ್ಮಲ್ಲಿ ಹೊಸದಾಗಿ ಹಮಾಲಿಗೆ ಬಂದವನಿಗೆ ಆ ದಡ್ಡು ಬರುವವರೆಗೂ ನಾವು ಅವನನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬಂದ ಮೇಲೆ ಅದಕ್ಕೆ ಎಣ್ಣೆ ಮುಟ್ಟಿಸಬಾರದು, ಬಿಸಿನೀರು ತಾಗಿಸಬಾರದು. ಮೇಸ್ತ್ರಿಯಾಗಿ ನಾನೇ ಎಷ್ಟೋ ಹುಡುಗರಿಗೆ ಹೇಳಿದ್ದೆ.

ನಮ್ಮ ಗುಂಪಿನ ತಿಮ್ಮಣ್ಣ ಮಗಳ ಮದುವೆಗೆಂದು, ಬೀಗರ ಮುಂದೆ ಕೈ ಚೆನ್ನಾಗಿ ಕಾಣಲಿ ಎಂದು ಎಣ್ಣೆ ಹಚ್ಚಿ, ಕಲ್ಲಲ್ಲಿ ತಿಕ್ಕಿ, ಅಂಗೈಯನ್ನು ಗುಮಾಸ್ತನ ಕೈಯಂತೆ ಮಾಡಿಕೊಂಡಿದ್ದ. ಮದುವೆಯಾದ ಮಾರನೆಯ ದಿನ ಚೀಲದ ಕಿವಿ ಹಿಡಿದದ್ದೇ ತಡ, ಎರಡೂ ಅಂಗೈ ಬಿರಿದು ರಕ್ತ. ಎಂಟು ದಿನ ಅವನ ಪಾಲಿನ ಚೀಲಗಳನ್ನು ನಾವು ಹೊತ್ತೆವು. ಆಮೇಲೆ ವರ್ಷಗಟ್ಟಲೆ ಅವನನ್ನು "ಏನ್ರಿ ಗುಮಾಸ್ತರ" ಎಂದೇ ಕರೆದೆವು.

ತಿಮ್ಮಣ್ಣನ ಆ ಕೈಗಳೇ ಕಣ್ಣಮುಂದೆ ಬಂದವು. ಕಲ್ಲನ್ನು ಡಬ್ಬಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟೆ.

ಎರಡನೆಯ ಸಂಜೆ ಪಟಿಕದ ಗಡ್ಡೆಯನ್ನು ತಣ್ಣೀರಲ್ಲಿ ಅಲುಗಾಡಿಸಿ ಅದರಲ್ಲಿ ಹಸೀಬಾಳ ಕೈ ಅದ್ದಿಸಿದೆ. ಸುಗ್ಗಿ ಶುರುವಾಗುವ ಮೊದಲು ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಪಟಿಕ ಚರ್ಮವನ್ನು ಬಿಗಿ ಮಾಡುತ್ತದೆ, ಬೆವರು ಹೀರುತ್ತದೆ, ಹದಮಾಡಿದ ತೊಗಲಿನಂತೆ ಗಟ್ಟಿಯಾಗಿಸುತ್ತದೆ.

ಸೈದಾನಬಿ ಒಲೆಯ ಮುಂದಿನಿಂದಲೇ ನೋಡಿದಳು. "ಅಕ್ಕೋರು ಹೇಳಿದ್ದು ಒಂದು, ನೀವು ಮಾಡೂದು ಒಂದು."

"ಅಕ್ಕೋರು ಸೀಟಿ ಹಿಡಿದಾರ, ನಾ ಚೀಲ ಹಿಡಿದೀನಿ. ಕೈ ವಿಚಾರ ಯಾರಿಗೆ ಗೊತ್ತಿರತೈತಿ?"

"ಅವರೂ ಬಾರ್ ಹಿಡದಾರ ಅಂತಿದ್ರಲ್ಲ."

"ಹಿಡದಾರ, ಬಿಟ್ಟಾರ. ನಾ ಬಿಟ್ಟಿಲ್ಲ."

ಹಸೀಬಾ ಕಿಸಕ್ಕನೆ ನಕ್ಕಳು. ಅವಳಿಗೆ ಪಟಿಕವೇ ಇಷ್ಟವಾಗಿತ್ತು. ಕಲ್ಲಿನಲ್ಲಿ ತಿಕ್ಕುತ್ತ ಕೂರುವುದು ಬೇಸರದ ಕೆಲಸ. ಪಟಿಕದ ನೀರಾದರೆ ಒಂದು ಗಳಿಗೆ ಅದ್ದಿ ಎದ್ದರಾಯಿತು. ಜೊತೆಗೆ ದಾದಾನ ಗುಟ್ಟು. ಬರಬರುತ್ತ ತನ್ನ ಅಂಗೈಯನ್ನು ನನ್ನ ಅಂಗೈಗೆ ಒತ್ತಿ, "ಈಗ ನಂದೂ ನಿನ್ನಂಗ ಆತು ನೋಡು. ಕೆಂಡ ಹಿಡೀಲೇನು?" ಎಂದು ಕೇಳುವಳು. ನನಗೆ ಹಿಗ್ಗು.

ಒಂಬತ್ತನೆಯ ದಿನ ಬಾರಿನಿಂದ ಬಂದವಳು ಬಲಗೈ ಮುಚ್ಚಿಕೊಂಡಿದ್ದಳು.

"ಏನಾತು?"

"ದಡ್ಡಿನ ಬಾಜೂಕ ನೀರಗುಳ್ಳಿ ಎದ್ದೈತಿ. ಅಕ್ಕೋರು ಎರಡು ದಿನ ಬಾರ್ ಬ್ಯಾಡ ಅಂದಿದ್ರು."

ನಮ್ಮ ಗಿರಣಿಯಲ್ಲಿ ಗುಳ್ಳೆ ಎದ್ದವನಿಗೆ ರಜೆ ಇರಲಿಲ್ಲ. ಗುಳ್ಳೆ ಎದ್ದ ಜಾಗದಲ್ಲೇ ಮತ್ತೆ ಚೀಲ ಹಿಡಿಯಬೇಕು. ಎರಡನೆಯ ಚರ್ಮ ಬರುವುದು ಹಾಗೆಯೇ. "ಆಯ್ಕಿಗೆ ಆರ ದಿನ ಉಳದಾವ. ಮನ್ಯಾಗ ಕುಂತ್ರ ಕೈ ಮೆತ್ತಗಾಗ್ತೈತಿ. ನಾಳೆ ಹೋಗು. ಮೊದಲೊಂದೀಟ ಉರಿತೈತಿ, ಆಮ್ಯಾಲ ಗೊತ್ತಾಗಂಗಿಲ್ಲ" ಎಂದೆ.

ಮರುದಿನ ಹೋದಳು. ಬಂದು, "ಬಾರ್ ಹಿಡಿದ್ರ ದಡ್ಡಿನ ಅಂಚು ಅಡ್ಡ ಬರತೈತಿ ದಾದಾ. ಯಾರೋ ಒಳಗ ಜಗ್ಗಿದಂಗ ಆಗ್ತೈತಿ" ಎಂದಳು. ಮಗು ನನಗೆ ಎಲ್ಲವನ್ನೂ ಹೇಳಿತ್ತು. ಇದಕ್ಕಿಂತ ಬಿಡಿಸಿ ಯಾರು ಹೇಳಬಲ್ಲರು? ನಾನು ಅವಳ ಅಂಗೈ ಮೇಲೆ ಹೆಬ್ಬೆರಳು ಆಡಿಸಿ ನೋಡಿದೆ. ನನಗೇನೂ ಅಡ್ಡ ಬಂದಂತೆ ಅನಿಸಲಿಲ್ಲ. ಇನ್ನೊಂದು ಸಲ ಪಟಿಕದ ನೀರು ಮಾಡಿದೆ.

ಆಯ್ಕೆಯ ದಿನ ಬೆಳಗಿನ ಬಸ್ಸಿಗೆ ಗಂಗಾವತಿ ದಾಟಿ ಕೊಪ್ಪಳಕ್ಕೆ ಹೋದೆವು. ಮೈದಾನದ ಪಕ್ಕದ ಹಾಲ್‌ನಲ್ಲಿ ಬಾರ್ ನಿಲ್ಲಿಸಿದ್ದರು. ಕುಷ್ಟಗಿ, ಯಲಬುರ್ಗಾ ಕಡೆಯಿಂದೆಲ್ಲ ಹುಡುಗಿಯರು ಬಂದಿದ್ದರು. ಆಯ್ಕೆ ಮಾಡುವವರು ಮೂವರು. ನಡುವೆ ಕುಳಿತ ನರೆಗೂದಲಿನವರು ಪ್ರತಿ ಹುಡುಗಿಯನ್ನೂ "ಊಟ ಮಾಡಿ ಬಂದೀಯೇನವ್ವಾ?" ಎಂದು ಕೇಳಿಯೇ ಬಾರಿಗೆ ಕಳಿಸುತ್ತಿದ್ದರು.

ಹಸೀಬಾಳ ಹೆಸರು ಕರೆದರು. ಅವಳು ಕೈಗೆ ಬಿಳಿ ಪುಡಿ ಹಚ್ಚಿಕೊಂಡು, ಒಂದು ಸಲ ನನ್ನ ಕಡೆ ನೋಡಿ, ಜಿಗಿದು ಬಾರ್ ಹಿಡಿದಳು. ತೂಗಿದಳು. ಮೈ ಮೇಲೆಳೆದುಕೊಂಡಳು. ಬಾರಿನ ಸುತ್ತ ಒಂದು ಸುತ್ತು, ಗಾಣದ ಎಣ್ಣೆ ಇಳಿದಂತೆ ನುಣುಪಾಗಿ. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ತಲೆ ಎತ್ತಿದರು. "ಯಾವೂರ ಹುಡುಗಿ ಇದು?" ಎಂದು ನರೆಗೂದಲಿನವರು ಕೇಳಿದ್ದು ನನ್ನ ಕಿವಿಗೆ ಬಿತ್ತು. ಕಾರಟಗಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

ಎರಡನೆಯ ಸುತ್ತಿನಲ್ಲಿ ಮೈಯೆಲ್ಲ ಕೆಳಗೆ ನೀಳವಾಗಿ ಬಂದಾಗ ಬಲಗೈ ಬಿಟ್ಟುಹೋಯಿತು. ಗಾದಿಯ ಮೇಲೆ ಮಂಡಿಯೂರಿ ಬಿದ್ದಳು.

ತಕ್ಷಣ ಎದ್ದಳು. ಅಂಗೈ ನೋಡಿಕೊಂಡಳು. ಮುಷ್ಟಿ ಮುಚ್ಚಿದಳು. ಯಾರೂ ಏನೂ ಹೇಳುವ ಮೊದಲೇ ಮತ್ತೆ ಜಿಗಿದು ಬಾರ್ ಹಿಡಿದಳು. ಬಿಳಿ ಪುಡಿ ಮೆತ್ತಿದ್ದ ಪೈಪಿನ ಮೇಲೆ ಕೆಂಪು ಗೆರೆ ಎದ್ದಿತು.

"ಇಳಿಯವ್ವಾ, ಸಾಕು" ಎಂದರು ನರೆಗೂದಲಿನವರು.

"ಇನ್ನೊಂದ ಸಲ ಸರ್."

"ಕೈ ತೋರಸು."

ತೋರಿಸಲಿಲ್ಲ. ಅಷ್ಟರಲ್ಲಿ ಲಲಿತಾ ಅಕ್ಕೋರು ಬಾಗಿಲಲ್ಲಿದ್ದರು. ಸಮೀಕ್ಷೆಯ ಕೆಲಸ ಅರ್ಧಕ್ಕೆ ಬಿಟ್ಟು, ಹೆಗಲಿಗೆ ಅದರ ಕಾಗದದ ಚೀಲ ಹಾಕಿಕೊಂಡೇ ಬಂದಿದ್ದರು. ಓಡಿಬಂದು ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದರು. ಉಂಗುರ ಬೆರಳಿನ ಕೆಳಗೆ ದಡ್ಡು ಇಡಿಯಾಗಿ ಎದ್ದು, ಚಪ್ಪಲಿಯ ಅಟ್ಟೆಯ ಚೂರಿನಂತೆ ಒಂದೇ ಅಂಚಿನಲ್ಲಿ ಜೋತಾಡುತ್ತಿತ್ತು. ಅದರ ಕೆಳಗೆ ಹಸಿ ಮಾಂಸ.

ಅದನ್ನು ಕಂಡಾಗ ನನಗೆ ನೆನಪಾದದ್ದು ತಿಮ್ಮಣ್ಣನ ಕೈಯಲ್ಲ, ಗಿರಣಿಯ ಪಟ್ಟಾ. ಮೋಟಾರಿನಿಂದ ಯಂತ್ರಕ್ಕೆ ಸುತ್ತುವ ಆ ಉದ್ದನೆಯ ಪಟ್ಟಾದ ಜೋಡಣೆ ಒಂದಿಷ್ಟು ಉಬ್ಬಿ ನಿಂತರೆ ಸಾಕು, ಗಾಲಿಗೆ ತಾಗಿ ತಾಗಿ ಅಲ್ಲಿಯೇ ಹರಿಯುತ್ತದೆ. ಯಂತ್ರ ನೋಡಿಕೊಳ್ಳುವ ಹೊಳಿಯಪ್ಪ ಸದ್ದು ಕೇಳಿದ ಕೂಡಲೇ ಯಂತ್ರ ನಿಲ್ಲಿಸಿ ಆ ಉಬ್ಬನ್ನು ಉಜ್ಜಿ ಸಮ ಮಾಡುತ್ತಿದ್ದ. ಮೂವತ್ತೆಂಟು ವರ್ಷ ಅದನ್ನು ನೋಡಿದ್ದೇನೆ. ಚೀಲ ಕೈಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ದಡ್ಡು ಗುರಾಣಿ. ಬಾರ್ ಕೈಯೊಳಗೆ ತಿರುಗುತ್ತದೆ. ತಿರುಗುವುದಕ್ಕೆ ಉಬ್ಬು ಇರಬಾರದು. ಇಷ್ಟೇ ವಿಷಯ. ನನಗೆ ಗೊತ್ತಿದ್ದ ವಿಷಯವೇ. ಕೈಯ ಜೊತೆ ಇಟ್ಟು ನೋಡಿರಲಿಲ್ಲ.

"ಕಲ್ಲಿಲೆ ತಿಕ್ಕಿದ್ದಿಲ್ಲೇನು?" ಅಕ್ಕೋರು ಮೆಲ್ಲಗೆ ಕೇಳಿದರು.

ಹಸೀಬಾ ನನ್ನತ್ತ ಒಂದು ಸಲ ನೋಡಿದಳು. "ನಾನ ತಿಕ್ಕಲಿಲ್ರಿ ಅಕ್ಕೋರ. ದಾದಾ ದಿನಾ ಹೇಳ್ತಿದ್ದ. ನಂಗ ಬ್ಯಾಸರಾಗ್ತಿತ್ತು."

ನಲವತ್ತು ಜನ ಹಮಾಲರ ಜಗಳವನ್ನು ಒಂದು ಮಾತಿನಲ್ಲಿ ನಿಲ್ಲಿಸಿದವನು ನಾನು. ಅಲ್ಲಿ ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹನ್ನೊಂದು ವರ್ಷದ ಹುಡುಗಿ ನನ್ನ ತಪ್ಪನ್ನು ತನ್ನ ಹೆಗಲಿಗೆ ಎತ್ತಿಕೊಂಡಳು, ನಾನು ಎತ್ತಿಕೊಳ್ಳಲು ಬಿಟ್ಟೆ.

ಅಲ್ಲಿದ್ದ ನರ್ಸಮ್ಮ ಪಟ್ಟಿ ಕಟ್ಟಿದರು. ಸಂಜೆ ಓದಿದ ಹೆಸರುಗಳಲ್ಲಿ ಹಸೀಬಾಳದು ಇರಲಿಲ್ಲ.

ಬಸ್ಸಿನಲ್ಲಿ ಅವಳು ಕಂಬಿಗೆ ಜೋತು ಬೀಳಲಿಲ್ಲ. ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಮರಳಿ ಗಂಗಾವತಿ ಬಂದಾಗ ಹೇಳಿದಳು, "ಆ ಕೆಂಪು ಅಂಗಿ ಹುಡುಗಿ ಆಯ್ಕಿ ಆದ್ಲಲ್ಲ ದಾದಾ, ಆಕಿ ಕೈ ನಾ ಮುಟ್ಟಿ ನೋಡಿದ್ದೆ."

"ಹೆಂಗಿದ್ದವು?"

"ಮೆತ್ತಗಿದ್ದವು."

ಮರುದಿನ ಬೆಳಿಗ್ಗೆ ನೋಡಿದರೆ ಪಟಿಕದ ಗಡ್ಡೆ ಅದರ ಜಾಗದಲ್ಲಿರಲಿಲ್ಲ. ಅಲ್ಲಿ ಅಕ್ಕೋರು ಕೊಟ್ಟ ಡಬ್ಬಿ ಇತ್ತು. ಸೈದಾನಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾಲ್ಕು ದಿನ ತಡೆದೆ. ಐದನೆಯ ದಿನ ಲಲಿತಾ ಅಕ್ಕೋರನ್ನು ಹುಡುಕಿಕೊಂಡು ಹೋದೆ. ಭತ್ತದ ಗದ್ದೆಗಳ ಕಡೆಯ ಓಣಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಮುದುಕಿಯೊಬ್ಬಳಿಂದ ಫೋನಿಗೆ ಬಂದ ನಂಬರು ಹೇಳಿಸಲು ಒದ್ದಾಡುತ್ತಿದ್ದರು.

"ನಂಬರ ಹೇಳವ್ವಾ ದುರುಗವ್ವಾ."

"ಯಾಕ ಹೇಳ್ಲಿ? ಯಾರಿಗೂ ಹೇಳಬ್ಯಾಡ ಅಂತ ನಮ್ಮ ಮಗ ಹೇಳ್ಯಾನ."

"ನಾ ಸಾಲಿ ಅಕ್ಕೋರು ಅದೀನಿ!"

"ಅಕ್ಕೋರಾದ್ರ ಪಾಟಿ ಹಿಡಕೊಂಡು ಬರ್ತಿದ್ರಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಕ್ಕೋರು ನನ್ನನ್ನು ಕಂಡು ಎದ್ದು ಬೇವಿನ ನೆರಳಿಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಗೂಡಿನಲ್ಲಿಟ್ಟ ಕಲ್ಲು, ಪಟಿಕ, ಒಂಬತ್ತನೆಯ ದಿನದ ಗುಳ್ಳೆ.

ಅವರು ಫೋನನ್ನು ಚೀಲದೊಳಗಿಟ್ಟರು. "ಗೊತ್ತಿತ್ರಿ. ಬರೇ ತಿಕ್ಕದ ಬಿಟ್ಟ ಕೈ ಹಂಗ ಇರಂಗಿಲ್ಲ. ಅದು ತೊಗಲು ಹದಾ ಮಾಡಿದಂಗ ಆಗಿತ್ತು. ಹನ್ನೊಂದ ವರ್ಷದ ಹುಡುಗಿಗೆ ಅದು ತಾನಾಗೇ ಹೊಳೀತೈತೇನು?"

"ಅಲ್ಲೇ ನನ್ನ ಬೈಬೇಕಿತ್ರಿ."

"ಬೈದ್ರ ಚರ್ಮ ಕೂಡತಿತ್ತೇನ್ರಿ? ನಂದೂ ತಪ್ಪೈತಿ. ಹೆಂಗ ತಿಕ್ಕಬೇಕು ಅಂದೆ, ಯಾಕ ಅಂತ ಹೇಳಲಿಲ್ಲ. ಚೀಲ ಹೊತ್ತವರ ಮನ್ಯಾಗ ಅದನ್ನ ಮೊದಲ ಹೇಳಬೇಕಿತ್ತು." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ನನಗ ಹೇಳಿದ್ರಿ, ಆತು. ಆಕಿಗೆ ಹೇಳೀರೇನು?"

"ಆಕಿಗೆ ಎಲ್ಲಾ ಗೊತ್ತೈತಲ್ರಿ."

"ಏನೂ ಗೊತ್ತಿಲ್ಲ. ನಿನ್ನೆ ಸಿಕ್ಕಿದ್ಲು. 'ನಮ್ಮ ದಾದಾನ ಔಷಧಿಗೂ ಗಟ್ಟಿ ಆಗಲಿಲ್ಲ ಅಂದ್ರ ನನ್ನ ಕೈಯ್ಯೇ ಸುಮಾರದ್ದು ಅಕ್ಕೋರ' ಅಂದ್ಲು."

ಆ ಓಣಿಯಿಂದ ಮನೆಯವರೆಗೆ ನಡೆದದ್ದು ನನಗೆ ನೆನಪಿಲ್ಲ.

ಸಂಜೆ ಹಸೀಬಾ ಅಂಗಳದಲ್ಲಿ ಕುಳಿತು ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಳು. ನಾನು ಬೆಚ್ಚನೆಯ ನೀರಿನ ಬಟ್ಟಲು, ಕಲ್ಲಿನ ಡಬ್ಬಿ ತಂದು ಎದುರಿಗಿಟ್ಟೆ. "ಎಡಗೈ ಕೊಡವ್ವಾ. ಅದರಾಗೂ ದಡ್ಡು ಅದಾವಲ್ಲ."

ಕೊಟ್ಟಳು. ನೀರಲ್ಲಿ ನೆನೆಸಿ ತಿಕ್ಕತೊಡಗಿದೆ. ತಿಕ್ಕುತ್ತಲೇ ಹೇಳಿದೆ, ಗಿರಣಿಯ ಪಟ್ಟಾದ ಮಾತು, ಚೀಲದ ಮಾತು, ಬಾರಿನ ಮಾತು. ಅಕ್ಕೋರು ಹೇಳಿದ್ದೇ ಸರಿ ಇತ್ತು, ನಾನೇ ಮಾಡಲಿಲ್ಲ ಎಂದೆ. "ನಿನ್ನ ಕೈ ಸುಮಾರದ್ದಲ್ಲ. ಛಲೋ ಕೈನ ನಾ ಕೆಡಿಸಿದೆ. ಅಲ್ಲಿ ಅಷ್ಟು ಮಂದಿ ಮುಂದ ನೀ ನನ್ನ ಉಳಿಸಿದಿ, ನಾ ಬಾಯಿ ಬಿಡಲಿಲ್ಲ. ಅದೂ ತಪ್ಪು."

ಅವಳು ಬಟ್ಟಲಿಗೆ ಉದುರುವ ಬಿಳಿ ಪುಡಿಯನ್ನೇ ನೋಡುತ್ತಿದ್ದಳು.

"ಮುಂದಿನ ವರ್ಷ ನಂಗ ಹನ್ನೆರಡು ದಾಟಿರ್ತಾವ. ತಗೋಳಂಗಿಲ್ಲ ಅಲ್ಲ?"

ಸುಳ್ಳು ಹೇಳಬಹುದಿತ್ತು. ಬೇರೆ ಹಾಸ್ಟೆಲು, ಬೇರೆ ಆಯ್ಕೆ ಎಂದೆಲ್ಲ. "ಇಲ್ಲವ್ವಾ, ತಗೋಳಂಗಿಲ್ಲ" ಎಂದೆ.

"ಹಂಗಾರ ಈಗ ಯಾಕ ತಿಕ್ಕೂದು?"

ನಾನು ಅವಳ ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸಮವಾಯಿತೋ ಇಲ್ಲವೋ ನೋಡೋಣವೆಂದು ಹೆಬ್ಬೆರಳು ಆಡಿಸಿದೆ. ಏನೂ ತಿಳಿಯಲಿಲ್ಲ. ಕೆಂಡ ಹಿಡಿದು ಹಿಡಿದು ಸತ್ತ ಚರ್ಮಕ್ಕೆ ಮಗುವಿನ ಅಂಗೈಯ ಉಬ್ಬು ತಗ್ಗು ಏನು ತಿಳಿದೀತು? ಅಂದು ಅವಳು ಅಡ್ಡ ಬರುತ್ತದೆ ಎಂದಾಗಲೂ ಇದೇ ಹೆಬ್ಬೆರಳಿನಿಂದ ನೋಡಿ ಏನೂ ಇಲ್ಲ ಅಂದುಕೊಂಡಿದ್ದೆ.

ಅವಳ ಅಂಗೈಯನ್ನು ಎತ್ತಿ ನನ್ನ ಕೆನ್ನೆಗೆ ಇಟ್ಟುಕೊಂಡೆ. ಉಂಗುರ ಬೆರಳಿನ ಬುಡದಲ್ಲಿ ಒಂದು ಸಣ್ಣ ಗಂಟು ಇನ್ನೂ ತಾಗುತ್ತಿತ್ತು.

"ನಿನ್ನ ಗಡ್ಡ ಚುಚ್ಚತೈತಿ ದಾದಾ" ಎಂದಳು.

"ಒಂದೀಟ ತಡಿ. ಇಲ್ಲೊಂದು ಉಳದೈತಿ" ಎಂದು ಮತ್ತೆ ಕಲ್ಲು ತೆಗೆದುಕೊಂಡೆ.